ನೀರು ಹಾಕಿ ನೋಡಿದ ಕಲ್ಲು

ಬ್ಯಾಡಗಿ

ಅತ್ತಿಯವರ,

ಅಂಗಳದಾಗಿನ ನುಣುಪು ಟೈಲ್ಸ್ ಕಿತ್ತಿಸೇನಿ. ನಿಮ್ಮ ಕಾಲದ ಒರಟು ಕಲ್ಲು ತೆಗೆಸಿ ಅವನ್ನ ಹಾಕಿಸಿದಾಕಿ ನಾನ. "ಮುಂಜಾನೆ ನೀರು ಚಿಮುಕಿಸಿ ಥಳಿ ಹೊಡದ್ರ ಇದರ ಮ್ಯಾಲೆ ಕಾಲ ನಿಲ್ಲೂದಿಲ್ಲ, ಶೈಲಾ" ಅಂದಿದ್ರಿ. ನಾನು ನಕ್ಕಿದ್ದೆ. ನೀವು ಅದರ ಮ್ಯಾಲೆ ಜಾರಿ ಬಿದ್ದಾಗ ಥಳಿ ಹೊಡಿಯೂ ನೀರಿನ ಚರಿಗಿ ಕೈಯಾಗ ಇತ್ತು.

ನಿಮ್ಮ ವರ್ಷದ ಪುಣ್ಯತಿಥಿಯೊಳಗ ಅಂಗಳ ಮುಗೀಲಿ ಅಂತ ಇವತ್ತ ರಾಣೇಬೆನ್ನೂರಿಗೆ ಹೋಗಿದ್ದೆ. ಅಂಗಡ್ಯಾಗ ಒಂದೊಂದು ಕಲ್ಲಿಗೂ ಬಾಟ್ಲಿ ನೀರು ಸುರುವಿ, ಚಪ್ಪಲಿ ಬಿಟ್ಟು ನಿಂತು ನೋಡಿದೆ.

"ಎಲ್ಲಾರೂ ಬಣ್ಣ ನೋಡ್ತಾರ, ನೀವೇನ್ರಿ ಅಕ್ಕಾರ?" ಅಂದ ಅಂಗಡಿಯಾಂವ.

"ನಮ್ಮನ್ಯಾಗ ವಯಸ್ಸಾದವ್ರು ಅದಾರ್ರಿ. ದಿನಾ ಥಳಿ ಹೊಡೀತಾರ" ಅಂದೆ.

"ಹಂಗಾರ ನಾಳೆ ಅವರನ್ನೂ ಕರ್ಕೊಂಡ್ ಬರ್ರಿ. ಅವರ ಕಾಲಿಗೆ ಒಪ್ಪಬೇಕಲ್ಲ."

"ಹೂಂ" ಅಂದು ಬಂದೇನಿ.

ಶೈಲಾ