ಮಾವನ ಕೈಯ ಏಳು ಓಟು

ಭಾನುವಾರ, ನವೆಂಬರ್ ೯. ಫರ್ಗಾನಾ, ಉಜ್ಬೆಕಿಸ್ತಾನ.

ಓಯ್ದಿನ್ ಮುಖವೇ ಕಣ್ಣ ಮುಂದೆ ಬರುತ್ತಿದೆ. ಬೆಳಿಗ್ಗೆ ನಮ್ಮ ಶಾಲೆಯ ಮತಗಟ್ಟೆ ತೆರೆದದ್ದೇ ತಡ, ಅವಳ ಮಾವ ಖೋಲ್ಮುರೋದ್ ಮನೆಯವರ ಏಳೂ ಪಾಸ್‌ಪೋರ್ಟ್ ತಂದು ನನ್ನ ಮೇಜಿನ ಮೇಲಿಟ್ಟರು. ಏಳು ಮತಪತ್ರ ಕೊಟ್ಟೆ. ಇಲ್ಲಿ ಎಲ್ಲ ಮನೆಗಳ ಹಿರಿಯರೂ ಮಾಡುವುದು ಅದನ್ನೇ. ದೇಶದ ಅಧ್ಯಕ್ಷರಿಗೆ ಇದು ನಾಲ್ಕನೆಯ ಚುನಾವಣೆ, ಈ ಮೇಜಿನಲ್ಲಿ ಕೂರುವ ನನಗೂ. ಮೊದಲ ಸಲ ಓಟು ಹಾಕುವವರಿಗೆ ಉಡುಗೊರೆಯೆಂದು ಇಟ್ಟಿದ್ದ ಪುಸ್ತಕವನ್ನೂ ಸೊಸೆಯ ಹೆಸರಿನಲ್ಲಿ ಅವರೇ ಒಯ್ದರು.

ಹನ್ನೊಂದಕ್ಕೆ ಓಯ್ದಿನ್ ಬಂದಳು, ಮದುವೆಯ ರೇಷ್ಮೆ ಅಂಗಿ ತೊಟ್ಟು. ಹೋದ ವರ್ಷದವರೆಗೂ ನನ್ನ ತರಗತಿಯಲ್ಲಿದ್ದ ಹುಡುಗಿ.

"ನಿಂದು ಆಗ್ಹೋಯ್ತಲ್ಲ ಮಗಳೇ, ಮಾವ ಹಾಕಿದ್ರು," ಅಂದೆ.

"ಒಬ್ಬರಿಗೆ ಒಂದೇ ಓಟು ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಟೀಚರ್. ತಪ್ಪು ಬರೆದಿದ್ದಕ್ಕೆ ಹತ್ತು ಸಲ ಬರೆಸಿದ್ರಿ."

ನಾನು ಮತದಾರರ ಪಟ್ಟಿಯ ಹಾಳೆ ಸರಿಮಾಡಿದೆ.

"ಹೋಗ್ಲಿ ಬಿಡಿ. ನಾನು ಯಾರಿಗೆ ಹಾಕ್ದೆ, ಅದನ್ನಾದ್ರೂ ಹೇಳಿ."

ಗೋಡೆಯ ಮೇಲಿನ ಅಧ್ಯಕ್ಷರ ಫೋಟೋ ನೋಡಿದೆ. ಅವಳೂ ನೋಡಿದಳು. ಮೊದಲು ನಕ್ಕವಳು ಅವಳೇ. ಆ ನಗು ನನಗೆ ಹಿಡಿಸಲಿಲ್ಲ.

ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ನನ್ನ ಓಟು ನೆನಪಾಯಿತು. ಪಟ್ಟಿ ತಿರುವಿದೆ. ನನ್ನ ಹೆಸರಿನ ಮುಂದೆ ಸಹಿ ಬಿದ್ದಿತ್ತು, ನನ್ನ ಗಂಡನ ಕೈಬರಹ. ನಾನು ಪಲಾವ್ ತಿನ್ನಲು ಎದ್ದಿದ್ದಾಗ ಮನೆಯ ಬೀರುವಿನಲ್ಲಿದ್ದ ನನ್ನ ಪಾಸ್‌ಪೋರ್ಟ್ ತಂದಿದ್ದಾರೆ. ಪಕ್ಕದ ಮೇಜಿನವಳು ಮತಪತ್ರ ಕೊಟ್ಟಿದ್ದಾಳೆ, ನಾನು ಕೊಟ್ಟ ಹಾಗೆಯೇ.

ಇವರು ಈಗ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಎಬ್ಬಿಸಿ ಕೇಳಲೇ, ನಾನು ಯಾರಿಗೆ ಹಾಕಿದೆ ಅಂತ?