ಫ್ಯಾನಿಲ್ಲದ ಪೆಟ್ಟಿಗೆ

ತಮ್ಮಾ, ಕೇಳುವಂಥವನಾಗು!

ಟಿವಿಗೆ ಜೋಡಿಸಿ ನಮ್ಮ ನಾಟಕಗಳ ವಿಡಿಯೊ ನೋಡಲೆಂದು ಇವತ್ತು ಅಂಗೈ ಅಗಲದ ಒಂದು ಕಂಪ್ಯೂಟರ್ ಕೊಂಡು ತಂದೆ. ಮೂರು ಅಂಗಡಿ ಸುತ್ತಿ ಕಾಲು ಸೋತುಹೋಗಿವೆ. ಹಳೆಯದರ ಫ್ಯಾನು ಭೋರೆನ್ನುತ್ತಿತ್ತು. ವಿಡಿಯೊದಲ್ಲಿ ರಂಗದ ಪರದೆಯ ಮರೆಯಿಂದ ನೀನು ನನಗೆ ಮಾತು ಹೇಳಿಕೊಡುವ ದನಿ ಅದರಲ್ಲಿ ಮುಳುಗಿಹೋಗುತ್ತಿತ್ತು. ನೀನು ಕಣ್ಮುಚ್ಚಿದ ಮೇಲೆ ನಿನ್ನ ದನಿಯೆಂದು ಉಳಿದಿರುವುದು ಅದೊಂದೇ.

ಅಂಗಡಿಯಾಕೆ ದೊಡ್ಡದೊಂದನ್ನು ಮುಂದಿಟ್ಟಳು. “ತುಂಬಾ ಸ್ಪೀಡು ಸಾರ್, ಇದನ್ನೇ ತಗೊಳ್ಳಿ.”

“ಸದ್ದು ಮಾಡುತ್ತಾ?”

“ಸ್ವಲ್ಪ. ನಿಮ್ಮ ಗಂಟಲಿನ ಮುಂದೆ ಅದೇನು ಬಿಡಿ!”

“ನನ್ನ ಗಂಟಲು ಕೇಳೋಕಲ್ಲಮ್ಮಾ ತಗೊಳ್ತಿರೋದು!” ಎಂದು ಅಬ್ಬರಿಸಿದೆ. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು.

“ಹಾಗಾದ್ರೆ ಇದು. ಫ್ಯಾನೇ ಇಲ್ಲ. ವಿಡಿಯೊ ಚೆನ್ನಾಗಿ ಓಡುತ್ತೆ, ಆದ್ರೆ ಭಾರೀ ಕೆಲಸ ಹೇಳ್ಬೇಡಿ.”

“ಡಾಕ್ಟರು ನನ್ನ ಬಗ್ಗೇನೂ ಅದನ್ನೇ ಹೇಳ್ತಾರೆ,” ಎಂದು ಅದನ್ನೇ ಕಟ್ಟಿಸಿಕೊಂಡೆ.

ಮನೆಗೆ ಬಂದು, ನನಗೆ ಬಹುಮಾನ ಬಂದ ದಿನದ ನಾಟಕ ಹಾಕಿದೆ. ದರ್ಬಾರಿನ ದೃಶ್ಯದಲ್ಲಿ ನಾನು ಮಾತು ಮರೆತು ಕಂಬದಂತೆ ನಿಂತಿದ್ದೇನೆ. ಜನ ಅದನ್ನೇ ಅಭಿನಯವೆಂದು ಚಪ್ಪಾಳೆ ತಟ್ಟುತ್ತಿದ್ದಾರೆ. ಚಪ್ಪಾಳೆ ತಗ್ಗಿದಾಗ ನೀನು ಕೇಳಿಸಿದೆ, ತಮ್ಮಾ. ಮರೆತ ಮಾತನ್ನು ಎರಡು ಸಲ ಹೇಳಿಕೊಟ್ಟೆ. ಆಮೇಲೆ ನಾಟಕದಲ್ಲಿಲ್ಲದ ಒಂದು ಮಾತು ಹೇಳಿದೆ: “ಗಾಬರಿ ಬೇಡ ಅಣ್ಣಾ, ಇಲ್ಲೇ ಇದ್ದೀನಿ.”

ನಾಟಕ ಮುಗಿದು ಬಹುಮಾನ ಕೈಗೆ ಬಂದಾಗ, ನನಗೆ ಯಾರೂ ಎಂದೂ ಮಾತು ಹೇಳಿಕೊಟ್ಟಿಲ್ಲವೆಂದು ನಾನು ಮೈಕಿನಲ್ಲಿ ಗುಡುಗಿದ್ದೆ. ಆ ಭಾಗವೂ ವಿಡಿಯೊದಲ್ಲಿದೆ. ಅಲ್ಲಿಗೆ ಬರುವ ಮೊದಲೇ ನಿಲ್ಲಿಸಿಬಿಟ್ಟೆ.