ಇಬ್ಬರೂ ಹೂಂ ಅನ್ನಬೇಕಂತೆ

ಅಬರ್ಡೀನ್
ನವೆಂಬರ್ ೯, ಭಾನುವಾರ

ಪ್ರೀತಿಯ ಅಪ್ಪಾ,

ನಾನು ಈ ಪತ್ರ ಬರೆಯಬಾರದಿತ್ತೇನೋ, ಕ್ಷಮಿಸು. ಗಂಡ ಹೆಂಡಿರ ನಡುವೆ ಮಗಳು ಬಾಯಿ ಹಾಕುವುದು ನಿನಗೆ ಹಿಡಿಸುವುದಿಲ್ಲ ಎಂದು ಗೊತ್ತು. ಆದರೆ ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಿ ಅತ್ತೆಯ ಕೈಗೆ ಕೊಟ್ಟುಬಿಡುತ್ತೀಯ. ಮೊಣಕೈ ನೋವು ಹೇಗಿದೆ? ಶೆಟ್ಲೆಂಡಿನ ಚಳಿಗೆ ಹೆಚ್ಚಾಗಿಲ್ಲ ತಾನೆ? ರೂಬಿ ಅತ್ತೆಯ ಕುರಿಮಾಂಸದ ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ತಿನ್ನು, ಅವಳಿಗೆ ಬೇಗ ಬೇಸರವಾಗುತ್ತದೆ. ನಾನು ಚೆನ್ನಾಗಿದ್ದೇನೆ. ಅಂದರೆ, ತರಗತಿಗೆ ಹೋಗುತ್ತೇನೆ. ಪಾಠದಲ್ಲಿ ಅರ್ಧ ತಲೆಗೆ ಹತ್ತುತ್ತದೆ, ಉಳಿದರ್ಧ ಹೊತ್ತು ನಿಮ್ಮಿಬ್ಬರದೇ ಯೋಚನೆ. ಹಾಸ್ಟೆಲ್ ನನಗೆ ಹೊಸದಲ್ಲ, ಕರ್ಕ್‌ವಾಲ್‌ನ ಶಾಲೆಯ ಹಾಸ್ಟೆಲ್‌ನಲ್ಲೇ ಬೆಳೆದವಳು. ಆದರೆ ಆಗ ಶುಕ್ರವಾರ ದೋಣಿ ಹತ್ತಿದರೆ ಮನೆಯಲ್ಲಿ ನೀವಿಬ್ಬರೂ ಇರುತ್ತಿದ್ದಿರಿ.

ಹೋದ ವಾರ ನಮ್ಮ ದ್ವೀಪಕ್ಕೆ, ಅಮ್ಮನ ಹತ್ತಿರ ಹೋಗಿ ಬಂದೆ. ನೀವಿಬ್ಬರೂ ದುಡಿದ ಏಡಿ ಕಾರ್ಖಾನೆಯ ಬಾಗಿಲಿಗೆ ಹಲಗೆ ಹೊಡೆದಿದ್ದಾರೆ. ಅಂಗಡಿಯ ಇಸ್ಬೆಲ್ ಎಲ್ಲರೆದುರಿಗೇ ಅಮ್ಮನನ್ನು, "ಏನ್ ಡೆನೀಸ್, ನಿನ್ ಗಂಡ ಏಡಿಗಳ ಹಿಂದೆನೇ ಸಮುದ್ರಕ್ಕಿಳಿದ್ನಾ?" ಎಂದು ಕೇಳಿದಳು. ಅಮ್ಮ, "ಏಡಿಯಾದ್ರೆ ಬೇಯುತ್ತೆ ಕಣೇ, ಇವನು ಬೇಯೋ ಜಾತಿ ಅಲ್ಲ" ಎಂದು ನಗಿಸಿ, ಮನೆಗೆ ಬಂದು ಕೋಟೂ ಬಿಚ್ಚದೆ ಕುಳಿತುಬಿಟ್ಟಳು.

"ನಾನು ಮನೇಲಿಲ್ದಿದ್ರೆ ಭತ್ಯೆಯಲ್ಲಿ ನಿನ್ ಪಾಲು ನಿನಗೆ ಬರುತ್ತೆ, ನಾನು ಕೈ ಚಾಚೋದೂ ತಪ್ಪುತ್ತೆ" ಎಂದು ದೋಣಿಕಟ್ಟೆಯಲ್ಲಿ ಅವಳಿಗೆ ಹೇಳಿ ಹೊರಟೆಯಂತೆ. ಅಪ್ಪಾ, ಅದು ಹಾಗಿಲ್ಲ. ನಿರುದ್ಯೋಗ ಭತ್ಯೆಗೆ ಗಂಡ ಹೆಂಡತಿ ಜೊತೆಯಾಗಿಯೇ ಅರ್ಜಿ ಹಾಕಬೇಕು. ಕೆಲಸ ಹುಡುಕುತ್ತೇನೆ ಎಂದು ಅವಳು ಒಪ್ಪಬೇಕು, ನೀನೂ ಒಪ್ಪಬೇಕು. ಅವಳದು ಆಗಿದೆ. ಒಬ್ಬರು ಹಿಂದೆ ಸರಿದರೆ ಇಬ್ಬರದೂ ಬಿದ್ದುಹೋಗುತ್ತದೆ. ಅಕ್ಕನ ಮನೆಯಲ್ಲಿ ಸ್ವಲ್ಪ ದಿನ ಇದ್ದ ಮಾತ್ರಕ್ಕೆ ನೀನು ಅವರ ಲೆಕ್ಕದಲ್ಲಿ ಅಮ್ಮನ ಗಂಡನಲ್ಲದೆ ಹೋಗುವುದಿಲ್ಲ. ನೀವು ಬೇರೆಯಾಗಿದ್ದೀರಿ ಎಂದರೆ ಮಾತ್ರ ಅವಳೊಬ್ಬಳೇ ಅರ್ಜಿ ಹಾಕಬಹುದು. ಅವಳಿಗೆ ದಾರಿ ಬಿಡಲು ಹೋಗಿ ದಾರಿಗೆ ಅಡ್ಡ ಮಲಗಿದ್ದೀಯ.

ಭತ್ಯೆ ಆಫೀಸಿನ ಹುಡುಗಿ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. "ನಿಮ್ಮ ಯಜಮಾನ್ರು ಎಲ್ಲಿದ್ದಾರೆ?" ಎಂದಳು. "ಅಕ್ಕನ ಮನೇಲಿ ಮುನಿಸಿಕೊಂಡು ಕೂತಿದ್ದಾನೆ" ಎಂದಳು ಅಮ್ಮ. "ಮುನಿಸಿಗೆ ನಮ್ಮಲ್ಲಿ ಕಾಲಂ ಇಲ್ಲಮ್ಮ. ವಾಪಸ್ ಬರ್ತಾರಾ, ಇಲ್ವಾ? ಅಷ್ಟು ಹೇಳಿ." ಪಾಪ, ಒಳ್ಳೆಯ ದನಿಯಲ್ಲೇ ಕೇಳಿದಳು. ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಕಿಟಕಿ ನೋಡಿದಳು. ಕೊನೆಗೆ, "ಕೇಳಿ ಹೇಳ್ತೀನಿ" ಎಂದಳು. ಇನ್ನೂ ನಿನ್ನನ್ನು ಕೇಳಿಲ್ಲ. ಕೇಳುವವಳೂ ಅಲ್ಲ.

ನಿನ್ನ ನಾಚಿಕೆ ನನಗೆ ಅರ್ಥವಾಗುತ್ತದೆ. ನಿಮ್ಮ ಕಡೆಯವರು ಪಕ್ಕದವನ ಹುಲ್ಲು ಕೊಯ್ದು ಕೊಡುತ್ತಾರೆ, ತಮ್ಮದಕ್ಕೆ ಮಾತ್ರ ಯಾರನ್ನೂ ಕರೆಯುವುದಿಲ್ಲ. ಇಂಗ್ಲೆಂಡಿನಲ್ಲಿರುವ ಅಮ್ಮನ ಊರು ಬೋಲ್ಟನ್‌ನಲ್ಲಿ ಗಿರಣಿ ಮುಚ್ಚಿದಾಗ ಇಡೀ ಬೀದಿಯೇ ಭತ್ಯೆ ಆಫೀಸಿನೆದುರು ಸಾಲು ನಿಂತು, ಹರಟಿಕೊಂಡು ಬರುತ್ತಿತ್ತಂತೆ. ಹಾಸ್ಟೆಲ್‌ನಲ್ಲಿ ನನ್ನನ್ನು ಅರ್ಧ ಇಂಗ್ಲಿಷಿನವಳು ಎಂದು ಆಡಿಕೊಳ್ಳುತ್ತಿದ್ದರು. ಅದಕ್ಕೇ ಇರಬೇಕು, ನಿಮ್ಮಿಬ್ಬರ ಮಾತೂ ಸರಿ ಅನ್ನಿಸುತ್ತದೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಉಣ್ಣೆಯ ಟೋಪಿ ಹಾಕಿಕೋ.

ನಿನ್ನ
ಥೋರಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯವಾಗಲಿಲ್ಲ. ಈ ತಿಂಗಳ ಹದಿನೇಳಕ್ಕೆ ಆಫೀಸಿನ ಆ ಹುಡುಗಿ ಮತ್ತೆ ಫೋನ್ ಮಾಡುತ್ತಾಳೆ. ನಾನು ಹೊರಡುವ ದಿನ ಅಮ್ಮ ಪಾತ್ರೆ ತೊಳೆಯುತ್ತಾ "ನಾವು ಬೇರೆಯಾಗಿದ್ದೀವಿ" ಎಂದು ಮೆಲ್ಲಗೆ ಹೇಳಿ ನೋಡುತ್ತಿದ್ದಳು. ಮೊದಲ ಸಲ ಭತ್ಯೆಗೋಸ್ಕರ ಅಭ್ಯಾಸ ಮಾಡುತ್ತಿದ್ದಾಳೆ ಅನ್ನಿಸಿತು. ಮತ್ತೆ ಹೇಳಿದಾಗ ನೀರು ನಿಲ್ಲಿಸಿದ್ದಳು, ಆಗ ಅದು ಭತ್ಯೆಗೋಸ್ಕರ ಅನ್ನಿಸಲಿಲ್ಲ. ನೀನು ವಾಪಸ್ ಬರುತ್ತೀಯಾ? ಬೇಗ ಉತ್ತರ ಬರೆ ಅಪ್ಪಾ. ನನಗೆ ಬೇಡ, ಅಮ್ಮನಿಗೆ ಬರೆ.